ಹಣೆಯ ಮೇಲಿನ ಬಿಳಿ ಮಚ್ಚೆ

ಕೇಳುಗರಿಗೆ ನಮಸ್ಕಾರ.

ನಮ್ಮ ಅತ್ತೆಯ ಕೋಣೆಯ ಕನ್ನಡಿಯ ಅಂಚಿಗೆ ಸಾಲಾಗಿ ಟಿಕ್ಲಿಗಳು ಅಂಟಿಕೊಂಡಿರುತ್ತಿದ್ದವು. ರಾತ್ರಿ ಮಲಗುವಾಗ ಹಣೆಯಿಂದ ಕಿತ್ತು ಅಲ್ಲಿಗೆ ಅಂಟಿಸುವುದು, ಬೆಳಿಗ್ಗೆ ಮಿಂದು ಬಂದು ಅದನ್ನೇ ಮತ್ತೆ ಹಣೆಗೆ ಇಡುವುದು. ನಿಮ್ಮ ಮನೆಯ ಕನ್ನಡಿಯೂ ಹೀಗೇ ಇರಬಹುದು, ಅಲ್ವಾ? ಒಂದು ದಿನ ಆ ಜಾಗ ತುರಿಸತೊಡಗಿತು. ಆಮೇಲೆ ಕೆಂಪಾಯಿತು. ಕೆಲವು ತಿಂಗಳಲ್ಲಿ ಟಿಕ್ಲಿಯಷ್ಟೇ ಅಗಲದ, ಅಷ್ಟೇ ಗುಂಡಗಿನ ಬಿಳಿ ಮಚ್ಚೆ ಉಳಿಯಿತು. ತೊನ್ನು ಬಂತು ಎಂದು ಹೆದರಿ ಅತ್ತೆ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟರು.

ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರು ನೋಡಿದರು. ಇದು ಅಂಟಿನ ಕೆಲಸ ಎಂದರು. ಕೆಲವು ಟಿಕ್ಲಿಗಳ ಅಂಟಿನಲ್ಲಿ ಪ್ಯಾರಾ ಟರ್ಷರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಇರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಅದು ಹಾಳು ಮಾಡುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ತುರಿಕೆ ಶುರುವಾದ ದಿನವೇ ಅತ್ತೆ ಟಿಕ್ಲಿ ಬಿಟ್ಟಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲವೇನೋ.

ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿದವರಿಗೆ ಗೊತ್ತು. ಮೊದಲ ಹನಿಗಳೆಲ್ಲ ಜಾರಿ ಹೋಗುತ್ತವೆ. ದಿನವಿಡೀ ಮಳೆ ಹಿಡಿದರೆ ಒಳಗಿನ ಅಂಗಿಯೂ ಒದ್ದೆ. ನಮ್ಮ ಚರ್ಮವೂ ಹಾಗೇ. ದಿನಾ ಹಚ್ಚಿದ್ದು ಸ್ವಲ್ಪ ಸ್ವಲ್ಪವೇ ಒಳಗೆ ಇಳಿಯುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು ಬೆಳ್ಳಗೆ ಮಾಡುವ ಕ್ರೀಮುಗಳ ಬಗ್ಗೆ. ಅಡಿಕೆ ಕೊಯ್ಲು ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ನಮ್ಮ ಅಣ್ಣನ ಮಗಳು ಜಾತ್ರೆಯಿಂದ ಒಂದು ಪುಟ್ಟ ಡಬ್ಬಿ ತಂದಿದ್ದಳು. ಅವಳದ್ದೇ ಮದುವೆ ಗೊತ್ತಾಗಿತ್ತು. ಡಬ್ಬಿಯ ಮೇಲೆ ತಯಾರಿಸಿದವರ ಹೆಸರಿಲ್ಲ, ವಿಳಾಸವಿಲ್ಲ, ಬ್ಯಾಚ್ ನಂಬರಿಲ್ಲ. ಒಳಗೆ ಒಂದು ಚೀಟಿ. ಅದರಲ್ಲಿ, ಹಚ್ಚುವ ಮುಂಚೆ ಚಿನ್ನ ತೆಗೆದಿಡಿ ಎಂದಿತ್ತು.

ಯಾಕೆ ಗೊತ್ತೇ? ಇಂಥ ಕ್ರೀಮುಗಳಲ್ಲಿ ಪಾದರಸ ಇರಬಹುದು, ಅದು ಚಿನ್ನಕ್ಕೆ ತಾಗಿದರೆ ಚಿನ್ನ ಬೆಳ್ಳಗಾಗುತ್ತದೆ. ಬಳೆಗೆ ತಾಗಬಾರದ್ದನ್ನು ಮುಖಕ್ಕೆ ಹಚ್ಚಿಕೊಳ್ಳಿ ಎನ್ನುತ್ತಿದ್ದಾರಲ್ಲ! ಚರ್ಮದ ಬಣ್ಣ ತಯಾರಾಗುವುದನ್ನು ಪಾದರಸ ತಡೆಯುತ್ತದೆ, ಅದಕ್ಕೇ ವಾರದಲ್ಲೇ ಮುಖ ಬೆಳ್ಳಗೆ ಕಾಣುತ್ತದೆ. ಒಳಗೆ ಹೋದದ್ದು ಕಿಡ್ನಿಯಲ್ಲಿ ಕೂರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ 2021ರಿಂದ 2023ರವರೆಗೆ ಒಂದೇ ಬಗೆಯ ಕಿಡ್ನಿ ತೊಂದರೆಯ 15 ಜನ ಡಾಕ್ಟರ ಬಳಿ ಬಂದರು. ವಿಚಾರಿಸಿದರೆ 13 ಜನ ಇಂಥ ಕ್ರೀಮು ಹಚ್ಚುತ್ತಿದ್ದವರು. ಕ್ರೀಮು ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಮುಖದ ಕ್ರೀಮಿಗೆ ಪಾದರಸ ಸೇರಿಸುವುದು ನಮ್ಮ ದೇಶದ ಕಾನೂನಿಗೆ ವಿರುದ್ಧ. ತಾನಾಗಿ ಬೆರೆತದ್ದೂ ಹತ್ತು ಲಕ್ಷ ಭಾಗಕ್ಕೆ 1 ಭಾಗ ದಾಟುವಂತಿಲ್ಲ. ಹೆಸರೇ ಇಲ್ಲದ ಡಬ್ಬಿಯನ್ನು ಯಾರು ಅಳೆದು ನೋಡುತ್ತಾರೆ?

ಮೆಡಿಕಲ್ ಶಾಪಿನಿಂದ ತಂದ ಟ್ಯೂಬನ್ನೂ ಒಮ್ಮೆ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಎಂದಿದ್ದರೆ ಅದು ಸ್ಟಿರಾಯ್ಡ್. ಡಾಕ್ಟರು ಬರೆದುಕೊಟ್ಟರೆ ಅದು ಒಳ್ಳೆಯ ಔಷಧವೇ. ಪಕ್ಕದ ಮನೆಯವರು ಹೇಳಿದರೆಂದು ಸುಮ್ನೆ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗಿ ರಕ್ತನಾಳ ಕಾಣಿಸುತ್ತದೆ, ಮೊಡವೆ ಏಳುತ್ತದೆ. ಬಿಟ್ಟ ತಕ್ಷಣ ಉರಿ.

ಕೂದಲಿಗೆ ಹಚ್ಚುವ ಹೆಚ್ಚಿನ ಕಪ್ಪು ಬಣ್ಣಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ತಲೆಯೆಲ್ಲ ಗುಳ್ಳೆಯೆದ್ದು ಕಣ್ಣು ಊದಿಕೊಳ್ಳುತ್ತದೆ. ಕಿವಿಯ ಹಿಂದೆ ಒಂಚೂರು ಹಚ್ಚಿ 2 ದಿನ ಕಾದು ನೋಡಿ. ಒಂದು ಗಂಟೆಯಲ್ಲಿ ಕಡುಕಪ್ಪಾಗುವ ಮೆಹಂದಿಯಲ್ಲೂ ಇದೇ ಇರಬಹುದು. ಬರೀ ಮದರಂಗಿ ಸೊಪ್ಪು ಅರೆದರೆ ಕೆಂಪು ಬಣ್ಣ ಬರುತ್ತದೆಯೇ ಹೊರತು ಕಪ್ಪಲ್ಲ.

ಹಾಗಂತ ಕಾಡಿನದ್ದೆಲ್ಲ ಒಳ್ಳೆಯದು ಎಂದೂ ಹೇಳಲಾರೆ. ಗೇರು ಸೊನೆ ಕಾಡಿನದ್ದೇ, ತಾಗಿದರೆ ಮೈ ಬೊಬ್ಬೆ ಏಳುತ್ತದೆ. ನಾನಂತೂ ಒಡೆದ ಹಿಮ್ಮಡಿಗೆ ಮುರುಗಲು ತುಪ್ಪ, ತಲೆಗೆ ದಾಸವಾಳದ ಸೊಪ್ಪಿನ ಲೋಳೆ, ಇಷ್ಟರಲ್ಲೇ ಇದ್ದೇನೆ.

ಅಣ್ಣನ ಮಗಳು ಡಬ್ಬಿಯನ್ನು ಎಸೆಯಲು ಹೊರಟಿದ್ದಳು. ನಾನೇ ತಡೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಅವಳ ಜೊತೆಗೇ ಡಾಕ್ಟರ ಬಳಿ ಒಯ್ದೆ. ಏನು ಹಚ್ಚಿದ್ದು ಎಂದು ಅವರಿಗೆ ಗೊತ್ತಾಗಬೇಕಲ್ಲ. ಮೂತ್ರ ಪರೀಕ್ಷೆ ಮಾಡಿಸಿದರು, ತೊಂದರೆ ಇರಲಿಲ್ಲ. ಮದುವೆ ಅವಳದ್ದೇ ಬಣ್ಣದಲ್ಲಿ ಆಯಿತು. ಅತ್ತೆಯೂ ಬಂದಿದ್ದರು. ಟಿಕ್ಲಿ ಇಲ್ಲದ ಹಣೆಯಲ್ಲಿ ಮಚ್ಚೆಗೆ ಅಂಚಿನಿಂದ ಮೆಲ್ಲಗೆ ಬಣ್ಣ ತುಂಬಿಕೊಳ್ಳುತ್ತಿತ್ತು.