ಫೋನ್ ಕೊಡಿ, ಅಳೆಯಲು ಹೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳು ಮತ್ತು ಗ್ಯಾಜೆಟ್‌ಗಳ ಬಗ್ಗೆ ನಾಲ್ಕು ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ನಾನು ಅಳತೆಯ ಉಪಕರಣಗಳ ಜೊತೆ ಕೆಲಸ ಮಾಡುವವಳು. ಸೆನ್ಸರ್‌ಗಳೇ ನನ್ನ ಕಸುಬು. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಅದಕ್ಕೇ ಇರಬೇಕು, ಎಲ್ಲಿ ಸಿಕ್ಕರೂ ಅಪ್ಪ ಅಮ್ಮಂದಿರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ‘ಮಕ್ಕಳಿಗೆ ದಿನಕ್ಕೆ ಎಷ್ಟು ಗಂಟೆ ಫೋನ್ ಕೊಡಬಹುದು?’

ಅದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಆ ಪ್ರಶ್ನೆ ಬೇಡ. ತೀರಾ ಚಿಕ್ಕವರ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಸಲಹೆ ಕೊಟ್ಟಿದೆ. 2 ವರ್ಷ ತುಂಬದ ಮಕ್ಕಳನ್ನು ಪರದೆ ಮುಂದೆ ಕೂರಿಸಬೇಡಿ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ದಾಟಬಾರದು, ಇನ್ನೂ ಕಡಿಮೆ ಇದ್ದರೆ ಒಳ್ಳೆಯದು. ಅಷ್ಟೇ. ನಾನು ಇವತ್ತು ಮಾತಾಡುವುದು ಓದು ಬರಹ ಬರುವ, ಕೂಡಿಸಿ ಕಳೆಯಲು ಬರುವ ಮಕ್ಕಳ ಬಗ್ಗೆ. ಆ ವಯಸ್ಸಿನವರ ಮನೆಗಳಲ್ಲಿ ಗಡಿಯಾರ ಹಿಡಿದು ಕೂತರೆ ಜಗಳ ಬಿಟ್ಟು ಬೇರೇನೂ ಸಿಗುವುದಿಲ್ಲ. ಎಷ್ಟು ಹೊತ್ತು ಫೋನ್ ಹಿಡಿದಿದ್ದರು ಅಂತ ಕೇಳುವ ಬದಲು, ಫೋನಿನಿಂದ ಇವತ್ತು ಏನನ್ನು ಅಳೆದರು ಅಂತ ಕೇಳಿ.

ಅಳೆಯುವುದು ಅಂದರೇನು ಅಂತ ನಿಮಗೆ ಅನ್ನಿಸಬಹುದು. ನಿಮ್ಮ ಕೈಯಲ್ಲಿರುವ ಫೋನ್ ಒಂದು ಪುಟ್ಟ ಪ್ರಯೋಗಾಲಯ. ಅದರೊಳಗೆ ಚಲನೆ ಅಳೆಯುವ ಆಕ್ಸಿಲರೋಮೀಟರ್ ಇದೆ. ಹೆಚ್ಚಿನ ಫೋನ್‌ಗಳಲ್ಲಿ ತಿರುಗುವಿಕೆ ಅಳೆಯುವ ಗೈರೋಸ್ಕೋಪ್, ದಿಕ್ಕು ತೋರಿಸಲು ಕಾಂತಕ್ಷೇತ್ರ ಅಳೆಯುವ ಸೆನ್ಸರ್, ಬೆಳಕು ಅಳೆಯುವ ಸೆನ್ಸರ್ ಇರುತ್ತವೆ. ಕೆಲವು ಫೋನ್‌ಗಳಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಕೂಡ ಇರುತ್ತದೆ. ಮೈಕ್, ಕ್ಯಾಮೆರಾ ಹೇಗೂ ಇವೆ. ಒಂದು ಕಾಲದಲ್ಲಿ ಇಷ್ಟನ್ನೂ ಕೊಂಡುಕೊಳ್ಳಲು ಕಾಲೇಜುಗಳೂ ಹಿಂದೆ ಮುಂದೆ ನೋಡುತ್ತಿದ್ದವು. ಈಗ ಅದು ನಿಮ್ಮ ಜೇಬಿನಲ್ಲಿದೆ. ನಾವು ಅದರಲ್ಲಿ ವಿಡಿಯೊ ನೋಡುತ್ತೇವೆ! ಕ್ಷಮಿಸಿ, ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ.

ಈ ಸೆನ್ಸರ್‌ಗಳು ಹೇಳುವ ಸಂಖ್ಯೆಗಳನ್ನು ಹಾಗೇ ಪರದೆ ಮೇಲೆ ತೋರಿಸುವ ಆಪ್‌ಗಳಿವೆ. ನಾನು ಬಳಸುವುದು ಫೈಫಾಕ್ಸ್. ಪಿ, ಎಚ್, ವೈ, ಪಿ, ಎಚ್, ಓ, ಎಕ್ಸ್. ಬರೆದುಕೊಳ್ಳಿ. ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದಿದ್ದು. ಉಚಿತವಾಗಿ ಸಿಗುತ್ತದೆ.

ಈಗ ನಮ್ಮ ಮನೆಯ ಒಂದು ಕಥೆ ಹೇಳುತ್ತೇನೆ. ಇದನ್ನು ಹೇಳದೆ ನನಗೆ ಮುಂದೆ ಹೋಗಲು ಆಗುವುದಿಲ್ಲ.

ಒಂದು ಸಂಜೆ ಮಗಳಿಗೆ ಆ ಆಪ್ ತೆರೆದು, ಆಕ್ಸಿಲರೋಮೀಟರ್ ಆನ್ ಮಾಡಿ ಕೊಟ್ಟೆ. ಗುರುತ್ವವನ್ನೂ ಸೇರಿಸಿ ತೋರಿಸುವ ಆಯ್ಕೆ ಅದು. ಅವಳು ಫೋನನ್ನು ಮೇಜಿನ ಮೇಲೆ ಮಲಗಿಸಿದಳು. ಪರದೆ ಮೇಲೆ 9.8 ಅಂತ ಬಂತು. ಅದು ಅಲ್ಲೇ ನಿಂತಿತು. ಅವಳು ಫೋನನ್ನು ಮುಟ್ಟಲಿಲ್ಲ, ಮೇಜನ್ನು ಅಲ್ಲಾಡಿಸಲಿಲ್ಲ. ಸಂಖ್ಯೆ ಮಾತ್ರ 9.8ರಲ್ಲೇ ಇದೆ.

‘ಅಮ್ಮಾ, ಇದು ಕೆಟ್ಟಿದೆ’ ಅಂದಳು. ‘ಸುಮ್ನೆ ಮಲಗಿದೆ. ಸೊನ್ನೆ ತೋರಿಸಬೇಕು ತಾನೆ?’

ನೋಡಿ, ಆ ಪ್ರಶ್ನೆ ಕೇಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಎಷ್ಟೋ ಮಕ್ಕಳು ಭೂಮಿಯ ಗುರುತ್ವದ ಅಳತೆಯಾದ 9.8 ಅನ್ನುವ ಸಂಖ್ಯೆಯನ್ನು ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತಾರೆ. ಇವಳಿಗೆ ಅದು ಎದುರಿಗೆ ಬಂದು ಕೂತಿತ್ತು. ಅದೂ ತಪ್ಪು ಉತ್ತರದ ಹಾಗೆ. ನಾನು ವಿವರಿಸಲು ಹೋಗಲಿಲ್ಲ. ‘ಬೀಳಿಸಿ ನೋಡೋಣ’ ಅಂದೆ.

ಫೋನ್ ಬೀಳಿಸಬೇಡ ಅಂತ ಬೈಸಿಕೊಂಡೇ ಬೆಳೆದವಳು. ನನ್ನ ಮುಖ ನೋಡಿದಳು. ‘ನಿಜವಾಗ್ಲೂ?’ ಹಾಸಿಗೆ ಮೇಲೆ ದಿಂಬುಗಳನ್ನು ಜೋಡಿಸಿದೆವು. ಅಷ್ಟು ಹೊತ್ತಿಗೆ ತಮ್ಮನೂ ಓಡಿ ಬಂದ. ಫೋನನ್ನು ಒಂದು ಮೀಟರ್ ಎತ್ತರದಲ್ಲಿ ಮಟ್ಟಸವಾಗಿ ಹಿಡಿದು, ಎಸೆಯದೆ ಕೈ ಬಿಟ್ಟೆವು. ದಿಂಬಿನ ಮೇಲೆ ಧೊಪ್ಪನೆ ಬಿತ್ತು.

ಆಮೇಲೆ ಗ್ರಾಫ್ ನೋಡಿದೆವು. ಕೈಯಲ್ಲಿ ಹಿಡಿದಿರುವಷ್ಟು ಹೊತ್ತು ಗೆರೆ 9.8ರ ಹತ್ತಿರ ಮಟ್ಟಸವಾಗಿದೆ. ಕೈ ಬಿಟ್ಟ ಕ್ಷಣಕ್ಕೆ ಗೆರೆ ಸೀದಾ ಕೆಳಗೆ ಇಳಿದು ಸೊನ್ನೆ ಹತ್ತಿರ ಬಂದಿದೆ. ದಿಂಬಿಗೆ ತಾಗಿದ ಕೂಡಲೇ ಒಂದು ದೊಡ್ಡ ಮುಳ್ಳು ಎದ್ದಿದೆ.

‘ಉಲ್ಟಾ ಇದೆ!’ ಅಂತ ಇಬ್ಬರೂ ಕೂಗಿದರು. ನಿಂತಿರುವಾಗ 9.8, ಬೀಳುವಾಗ ಸೊನ್ನೆ. ಉಲ್ಟಾ ಅಲ್ವಾ?

ಉಲ್ಟಾ ಅಲ್ಲ. ಆ ಸೆನ್ಸರ್ ಒಳಗೆ ಏನಿದೆ ಅಂತ ಗೊತ್ತಾದರೆ ಎಲ್ಲ ಸರಿಹೋಗುತ್ತದೆ. ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಚಿಕ್ಕ ಸಿಲಿಕಾನ್ ತುಂಡೊಂದನ್ನು ಅಷ್ಟೇ ಚಿಕ್ಕ ಸ್ಪ್ರಿಂಗ್‌ಗಳಿಂದ ತೂಗುಹಾಕಿರುತ್ತಾರೆ. ಸ್ಪ್ರಿಂಗ್ ಎಷ್ಟು ಎಳೆಯಲ್ಪಟ್ಟಿದೆ ಅನ್ನುವುದೊಂದೇ ಅದಕ್ಕೆ ಗೊತ್ತಾಗುವುದು. ಮೇಜಿನ ಮೇಲಿರುವಾಗ ಭೂಮಿ ಆ ತುಂಡನ್ನು ಕೆಳಗೆ ಎಳೆಯುತ್ತದೆ, ಸ್ಪ್ರಿಂಗ್ ಅದನ್ನು ಬೀಳದ ಹಾಗೆ ತಡೆದು ಹಿಡಿಯುತ್ತದೆ. ಅದಕ್ಕೇ 9.8. ಬೀಳುವಾಗ ತುಂಡೂ ಸ್ಪ್ರಿಂಗೂ ಫೋನೂ ಒಟ್ಟಿಗೆ ಬೀಳುತ್ತವೆ. ಯಾರೂ ಯಾರನ್ನೂ ಹಿಡಿದುಕೊಳ್ಳಬೇಕಾಗಿಲ್ಲ. ಅದಕ್ಕೇ ಸೊನ್ನೆ. 1907ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಐನ್‌ಸ್ಟೈನ್‌ಗೆ ಹೊಳೆದಿದ್ದೂ ಇದೇ: ಬೀಳುತ್ತಿರುವ ಮನುಷ್ಯನಿಗೆ ತನ್ನ ತೂಕವೇ ಗೊತ್ತಾಗುವುದಿಲ್ಲ. ಗುರುತ್ವವನ್ನು ವಿವರಿಸುವ ಅವರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ದಾರಿ ಶುರುವಾಗಿದ್ದು ಆ ಯೋಚನೆಯಿಂದ. ನನ್ನ ಮಕ್ಕಳಿಗೆ ಅದು ದಿಂಬಿನ ಮೇಲೆ ಸಿಕ್ಕಿತು.

ಗೆರೆ ಸೊನ್ನೆಯಲ್ಲಿದ್ದದ್ದು ಎಷ್ಟು ಹೊತ್ತು ಅಂತ ಗ್ರಾಫಿನಲ್ಲೇ ಓದಬಹುದು. ಹೆಚ್ಚುಕಮ್ಮಿ 0.45 ಸೆಕೆಂಡ್ ಬಂತು. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದಿದ್ದನ್ನು 4.9ರಿಂದ, ಅಂದರೆ 9.8ರ ಅರ್ಧದಿಂದ, ಗುಣಿಸಿ. ಎಷ್ಟು ಎತ್ತರದಿಂದ ಬಿತ್ತು ಅನ್ನುವ ಉತ್ತರ ಮೀಟರಿನಲ್ಲಿ ಬರುತ್ತದೆ. ಸುಮಾರು 1. ಮಗ ಟೇಪ್ ತಂದು ತಾಳೆ ನೋಡಿದ. ಅವನಿಗೆ ಗುಣಾಕಾರ ಅಂದರೆ ಅಷ್ಟಕ್ಕಷ್ಟೇ. ಅವತ್ತು ಯಾರೂ ಹೇಳದೆ ಪೆನ್ನು ಹಿಡಿದು ಕೂತಿದ್ದ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮಗಳು ಫೋನ್ ತಗೊಂಡು ಲಿಫ್ಟಿಗೆ ಹೊರಟಳು. ಲಿಫ್ಟ್ ನೆಲದ ಮೇಲೆ ಫೋನ್ ಇಟ್ಟು, ಮೇಲಕ್ಕೆ ಹೋಗುವಾಗ ಸಂಖ್ಯೆ ಜಾಸ್ತಿಯಾಗುತ್ತದೆ ಅಂತ ಮೊದಲೇ ಹೇಳಿದಳು. ಇದು ಮುಖ್ಯ, ದಯವಿಟ್ಟು ಗಮನಿಸಿ. ಅಳೆಯುವ ಮುಂಚೆ ಏನು ಬರಬಹುದು ಅಂತ ಮಗು ಬಾಯಿಬಿಟ್ಟು ಹೇಳಬೇಕು. ಲಿಫ್ಟ್ ಹೊರಟಿತು. ಸಂಖ್ಯೆ ಏರಿತು, ಹತ್ತು ದಾಟಿತು. ‘ನೋಡು, ಹೇಳಿದ್ನಲ್ಲ!’ ಅಂದಳು. ಅಷ್ಟರಲ್ಲೇ ಸಂಖ್ಯೆ ಮತ್ತೆ 9.8ಕ್ಕೆ ಬಂದು ನಿಂತಿತು. ಲಿಫ್ಟ್ ಇನ್ನೂ ಮೇಲಕ್ಕೆ ಹೋಗುತ್ತಲೇ ಇದೆ. ‘ನಿಂತೋಯ್ತಾ?’ ಅಂತ ಮಗ ಕೇಳಿದ. ಮೇಲಿನ ಮಹಡಿ ಹತ್ತಿರ ಬಂದಾಗ ಸಂಖ್ಯೆ 9.8ಕ್ಕಿಂತ ಕೆಳಗಿಳಿದು, ಆಮೇಲೆ ಮತ್ತೆ ಅಲ್ಲಿಗೇ ಬಂತು.

ಇಬ್ಬರ ನಡುವೆ ಜೋರು ವಾದವಾಯಿತು. ಮತ್ತೆ ಕೆಳಗೆ, ಮತ್ತೆ ಮೇಲೆ. ಲಿಫ್ಟಿಗೆ ಕಾಯುತ್ತಿದ್ದವರು ನಮ್ಮನ್ನು ನೋಡಿದ ರೀತಿ ಹೇಳುವುದು ಬೇಡ. ಕೊನೆಗೆ ಮಗಳೇ ಹೇಳಿದಳು: ‘ಅಮ್ಮಾ, ಹೊರಡುವಾಗ ಮತ್ತು ನಿಲ್ಲುವಾಗ ಮಾತ್ರ ಇದಕ್ಕೆ ಗೊತ್ತಾಗುತ್ತೆ. ಒಂದೇ ವೇಗದಲ್ಲಿ ಹೋಗ್ತಿದ್ರೆ ನಿಂತ ಹಾಗೇನೇ.’ ಗೆಲಿಲಿಯೊ, ನ್ಯೂಟನ್ ಇಬ್ಬರೂ ಜಗತ್ತಿಗೆ ಒಪ್ಪಿಸಲು ಒದ್ದಾಡಿದ ಮಾತದು. ಅವಳು ಅದನ್ನು ಲಿಫ್ಟ್ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಹೇಳಿದಳು.

ಮಗ ಬಿಡಲಿಲ್ಲ. ‘ಹಾಗಾದ್ರೆ ನಡುವೆ ಲಿಫ್ಟ್ ಹೋಗ್ತಿದೆಯೋ ಇಲ್ವೋ ಅಂತ ಫೋನಿಗೆ ಗೊತ್ತಾಗೋದೇ ಇಲ್ವಾ?’ ಒಳ್ಳೆಯ ಪ್ರಶ್ನೆ. ನನ್ನ ಫೋನಿನಲ್ಲಿ ಬ್ಯಾರೋಮೀಟರ್ ಇತ್ತು, ಅದನ್ನು ತೆರೆದೆವು. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಸಮುದ್ರಮಟ್ಟದ ಹತ್ತಿರ ಒಂದು ಮೀಟರ್ ಏರಿದರೆ ಸುಮಾರು 0.12 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಹೆಕ್ಟೊಪ್ಯಾಸ್ಕಲ್ ಅನ್ನುವುದು ಒತ್ತಡದ ಅಳತೆಮಾನ. ಒಂದು ಮಹಡಿ 3 ಮೀಟರ್ ಅಂದುಕೊಂಡರೆ 0.36. ಲಿಫ್ಟ್ ಏರುತ್ತಾ ಹೋದ ಹಾಗೆ ಆ ಗೆರೆ ನಿಧಾನವಾಗಿ ಇಳಿಯುತ್ತಾ ಹೋಯಿತು. ಎಲ್ಲೂ ಮೋಸವಿಲ್ಲ. ಇದೇ ಪರೀಕ್ಷೆಯನ್ನು 1648ರಲ್ಲಿ ಫ್ರಾನ್ಸಿನಲ್ಲಿ ಮಾಡಿದ್ದರು. ವಿಜ್ಞಾನಿ ಪ್ಯಾಸ್ಕಲ್ ಹೇಳಿ ಕಳಿಸಿದ ಹಾಗೆ, ಅವನ ಭಾವ ಪೆರಿಯೆ ಆ ಕಾಲದ ಬ್ಯಾರೋಮೀಟರ್ ಆದ ಪಾದರಸದ ಕೊಳವೆ ಹೊತ್ತು ಪುಯಿ ದ ಡೋಮ್ ಅನ್ನುವ ಬೆಟ್ಟ ಹತ್ತಿದ. ಮೇಲೆ ಹೋದಾಗ ಪಾದರಸ ಕೆಳಗಿಳಿದಿತ್ತು. ಪಾಪ, ಆ ಭಾವನಿಗೆ ಲಿಫ್ಟ್ ಇರಲಿಲ್ಲ.

ಅಯ್ಯೋ, ಗಡಿಯಾರ ನೋಡಿದರೆ ಅರ್ಧಕ್ಕಿಂತ ಹೆಚ್ಚು ಸಮಯ ಈ ಕಥೆಗೇ ಹೋಯಿತು. ಇರಲಿ. ನಾನು ಹೇಳಬೇಕಾದದ್ದೂ ಅದೇ ತಾನೆ. ಅವತ್ತು ಮಕ್ಕಳ ಕೈಯಲ್ಲಿ ಫೋನ್ ಎಷ್ಟು ಗಂಟೆ ಇತ್ತು ಅಂತ ನಾನು ಲೆಕ್ಕ ಇಡಲಿಲ್ಲ. ಏನು ಅಳೆದರು ಅಂತ ಚೆನ್ನಾಗಿ ನೆನಪಿದೆ.

ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಶಬ್ದದ ವೇಗ. ಎರಡು ಫೋನ್ ಬೇಕು. ಅದೇ ಆಪ್‌ನಲ್ಲಿ ಶಬ್ದ ಕೇಳಿದರೆ ಶುರುವಾಗುವ, ಮತ್ತೊಂದು ಶಬ್ದಕ್ಕೆ ನಿಲ್ಲುವ ಗಡಿಯಾರವಿದೆ. ಎರಡನ್ನೂ 5 ಮೀಟರ್ ದೂರದಲ್ಲಿಡಿ. ಒಂದು ಫೋನಿನ ಪಕ್ಕ ಒಬ್ಬರು ಚಪ್ಪಾಳೆ ತಟ್ಟಲಿ, ಸ್ವಲ್ಪ ಬಿಟ್ಟು ಇನ್ನೊಂದರ ಪಕ್ಕ ಇನ್ನೊಬ್ಬರು. ಎರಡು ಗಡಿಯಾರಗಳು ತೋರಿಸುವ ಹೊತ್ತಿನಲ್ಲಿ ಸುಮಾರು 0.029 ಸೆಕೆಂಡ್ ವ್ಯತ್ಯಾಸ ಬರುತ್ತದೆ. ಮೊದಲ ಚಪ್ಪಾಳೆಯ ಶಬ್ದ 5 ಮೀಟರ್ ಆಚೆ ಹೋಗಬೇಕು, ಎರಡನೆಯದು 5 ಮೀಟರ್ ಈಚೆ ಬರಬೇಕು, ಒಟ್ಟು 10 ಮೀಟರ್. ಹತ್ತನ್ನು ಆ ವ್ಯತ್ಯಾಸದಿಂದ ಭಾಗಿಸಿ. ಸೆಕೆಂಡಿಗೆ 340 ಮೀಟರಿನ ಆಸುಪಾಸು ಬರುತ್ತದೆ. ಆಮೇಲೆ ಮಿಂಚು ಕಂಡು ಎಷ್ಟೋ ಹೊತ್ತಿಗೆ ಗುಡುಗು ಯಾಕೆ ಕೇಳುತ್ತದೆ ಅಂತ ನೀವು ಪಾಠ ಹೇಳಬೇಕಾಗಿಲ್ಲ.

ಬೆಳಕು. ಒಂದೇ ಬಲ್ಬಿನ ಬೆಳಕಿಗೆ ಫೋನ್ ಹಿಡಿದು, ದೂರವನ್ನು ಎರಡು ಪಟ್ಟು ಮಾಡಿ. ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅರ್ಧಕ್ಕಲ್ಲ. ಮಕ್ಕಳು ಅರ್ಧ ಅಂತಲೇ ಹೇಳುತ್ತಾರೆ, ಹೇಳಲಿ. ಇದನ್ನು ಅಳೆದ ಮೇಲೆ ನಮ್ಮ ಮನೆಯಲ್ಲಿ ಓದುವ ದೀಪ ತಾನಾಗಿ ಮೇಜಿನ ಹತ್ತಿರ ಬಂತು.

ಕೈಗೆ ಕಟ್ಟುವ ವಾಚ್. ಅದರ ಹಿಂಭಾಗದಲ್ಲಿ ಮಿನುಗುವ ಹಸಿರು ಬೆಳಕನ್ನು ನೋಡಿರಬಹುದು. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗ ರಕ್ತ ನುಗ್ಗುತ್ತದೆ, ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ವಾಚ್ ಎಣಿಸುವುದು ಅದನ್ನು. ಮಗುವಿಗೆ ಮಣಿಕಟ್ಟಿನ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಲು ಹೇಳಿ. ವಾಚಿನ ಜೊತೆ ತಾಳೆ ನೋಡಲಿ. ಹೆಜ್ಜೆ ಎಣಿಕೆಯನ್ನೂ ಪರೀಕ್ಷಿಸಲಿ. ನನ್ನ ಮಗ ಕುರ್ಚಿಯಲ್ಲಿ ಕೂತು ಬರೀ ಕೈ ಬೀಸಿಯೇ ಹೆಜ್ಜೆಗಳ ರಾಶಿ ಹಾಕಿದ. ನಾನು ಬೈಯಲಿಲ್ಲ. ಯಂತ್ರ ಕಾಲನ್ನು ನೋಡುತ್ತಿಲ್ಲ, ಕೈಯ ಆಟ ನೋಡಿ ಊಹೆ ಮಾಡುತ್ತಿದೆ ಅಂತ ಅವನಿಗೆ ಗೊತ್ತಾಯಿತಲ್ಲ, ಸಾಕು.

ಇನ್ನು, ಫೋನ್ ಕೊಟ್ಟರೆ ವಿಡಿಯೊಗೇ ಜಾರುತ್ತಾರೆ ಅನ್ನುವವರು ಮೈಕ್ರೊಬಿಟ್ ಅನ್ನುವ ಪುಟ್ಟ ಬೋರ್ಡನ್ನು ನೋಡಿ. 2016ರಲ್ಲಿ ಬ್ರಿಟನ್ನಿನ ಬಿಬಿಸಿ ಅಲ್ಲಿನ ಶಾಲಾ ಮಕ್ಕಳಿಗೆ ಹಂಚಿದ್ದು. ಚಲನೆ, ದಿಕ್ಕು, ಬೆಳಕು ಎಲ್ಲ ಅಳೆಯುತ್ತದೆ. ಪರದೆ ಜಾಗದಲ್ಲಿ ಬರೀ 25 ಪುಟ್ಟ ದೀಪಗಳು. ಅದರಲ್ಲಿ ಸಿನಿಮಾ ನೋಡಲು ಯಾರಿಂದಲೂ ಆಗುವುದಿಲ್ಲ.

ಯಾವ ಮಾಡೆಲ್ ಫೋನ್ ತಗೊಳ್ಳಲಿ ಅಂತ ದಯವಿಟ್ಟು ನನಗೆ ಪತ್ರ ಬರೆಯಬೇಡಿ. ಹೊಸದು ಬೇಕಾಗಿಯೇ ಇಲ್ಲ. ನಿಮ್ಮ ಡ್ರಾಯರಿನಲ್ಲಿ ಹಳೆಯದೊಂದು ಬಿದ್ದಿರುತ್ತದೆ. ಸಿಮ್ ತೆಗೆಯಿರಿ, ನಿಮ್ಮ ಖಾತೆಗಳನ್ನೆಲ್ಲ ಅಳಿಸಿ, ಅಳೆಯುವ ಆಪ್ ಒಂದನ್ನು ಹಾಕಿ ಕೊಡಿ. ಗಾಜು ಸ್ವಲ್ಪ ಬಿರುಕು ಬಿಟ್ಟಿದ್ದರೆ ಮೇಲೆ ಒಂದು ಅಂಟು ಹಾಳೆ ಹಾಕಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಬೇಡ. ಆ ಫೋನನ್ನು ಚಾರ್ಜಿಗೂ ಹಾಕಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ಸ್ಟುಡಿಯೊ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಮುಗಿಯಿತಂತೆ. ಇಯರ್‌ಫೋನ್ ಬಗ್ಗೆ ಒಂದೇ ಮಾತು. ಮಕ್ಕಳಿಗೆ 75 ಡೆಸಿಬೆಲ್, ವಾರಕ್ಕೆ 40 ಗಂಟೆ, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮಿತಿ. 3 ಡೆಸಿಬೆಲ್ ಜಾಸ್ತಿ ಮಾಡಿದರೆ ಗಂಟೆ ಅರ್ಧವಾಗುತ್ತದೆ, ಅಂದರೆ 78ಕ್ಕೆ 20 ಗಂಟೆ, 81ಕ್ಕೆ 10. ಎಷ್ಟೋ ಫೋನ್‌ಗಳು ಇಯರ್‌ಫೋನಿನ ಶಬ್ದದ ಮಟ್ಟವನ್ನು ಸೆಟ್ಟಿಂಗ್ಸ್‌ನಲ್ಲೇ ತೋರಿಸುತ್ತವೆ. ನೀವು ಹೋಗಿ ಕಡಿಮೆ ಮಾಡಬೇಡಿ. 84ಕ್ಕೆ ಎಷ್ಟು ಗಂಟೆ ಬರುತ್ತದೆ ಅಂತ ಅವರನ್ನೇ ಕೇಳಿ. ನಮಸ್ಕಾರ.