ಎಣ್ಣೆ ಇರುವುದು ಕಲ್ಲಿನೊಳಗೆ

ಎಲ್ಲ ಕೇಳುಗರಿಗೂ ನಮಸ್ಕಾರ. ಈ ಹೊತ್ತಿನಲ್ಲಿ ಕಣದಲ್ಲಿ ಕಾಫಿ ಕೆದಕುತ್ತಾ ರೇಡಿಯೋ ಕೇಳುತ್ತಿರುವವರೇ ಹೆಚ್ಚು ಎಂದು ಅಂದುಕೊಂಡು ಮಾತು ಶುರು ಮಾಡುತ್ತೇನೆ.

ಮೂವತ್ತು ವರ್ಷ ತೈಲ ನಿಕ್ಷೇಪಗಳ ಲೆಕ್ಕ ಹಾಕಿ ಈಗ ಊರಿಗೆ ಬಂದಿದ್ದೇನೆ. ಮದುವೆಮನೆಯಲ್ಲಿ ಸಿಕ್ಕವರು ಕೇಳುವುದು ಎರಡೇ ಪ್ರಶ್ನೆ. ಕೊಡಗಿನಲ್ಲಿ ಪೆಟ್ರೋಲ್ ಸಿಗುತ್ತದಾ? ಸಿಗುವುದಿಲ್ಲ. ನಮ್ಮ ಬೆಟ್ಟದ ಕಲ್ಲು ನೆಲದಾಳದ ಬಿಸಿಗೆ, ಒತ್ತಡಕ್ಕೆ ಬೆಂದು ಗಟ್ಟಿಯಾದದ್ದು. ಎಣ್ಣೆಗೆ ಬೇಕಾದದ್ದು ಮರಳು, ಕೆಸರು, ಸುಣ್ಣ ಪದರಪದರವಾಗಿ ಕೂತು ಆದ ಕಲ್ಲು. ಎರಡನೆಯ ಪ್ರಶ್ನೆ, ಕೆಳಗಿನ ಎಣ್ಣೆಯ ಕೆರೆ ಎಷ್ಟು ದೊಡ್ಡದು? ದಯವಿಟ್ಟು ಕೆರೆಯನ್ನು ಮರೆತುಬಿಡಿ. ಎಣ್ಣೆ ಇರುವುದು ಕಲ್ಲಿನೊಳಗೆ.

ಬಾವಿಯಿಂದ ತೆಗೆದ ಮರಳುಗಲ್ಲಿನ ತುಂಡು ಒಂದು ನನ್ನ ಮೇಜಿನ ಮೇಲಿದೆ, ಒನಕೆಯ ದಪ್ಪ. ನೋಡಲು ಸಾಣೆಕಲ್ಲಿನ ಹಾಗೆ. ಅದರ ಮೇಲೆ ಒಂದು ಹನಿ ನೀರು ಬಿಟ್ಟರೆ ಐದು ಎಣಿಸುವಷ್ಟರಲ್ಲಿ ಇಂಗಿ, ಬರೀ ಒದ್ದೆ ಕಲೆ ಉಳಿಯುತ್ತದೆ. ಕಾಳು ಕಾಳಿನ ನಡುವಿನ ಆ ಸಂದಿಯೇ ಎಣ್ಣೆಯ ಮನೆ. 1974ರಲ್ಲಿ ಸಾಗರ್ ಸಾಮ್ರಾಟ್ ಎಂಬ ಕೊರೆಯುವ ವೇದಿಕೆ ಮುಂಬೈ ಕಡಲಿನಲ್ಲಿ ಕೊರೆದು ಕಂಡ ಬಾಂಬೆ ಹೈ ತೈಲಕ್ಷೇತ್ರದಲ್ಲೂ ಅಷ್ಟೇ, ಅಲ್ಲಿ ಮುಖ್ಯವಾಗಿ ಸುಣ್ಣಕಲ್ಲು.

ಈಗ ಲೆಕ್ಕ. ನೂರು ಎಕರೆ ತೋಟದಷ್ಟು ಅಗಲ, ಮೂವತ್ತು ಅಡಿ ದಪ್ಪದ ಕಲ್ಲು ಎಂದುಕೊಳ್ಳಿ. ಒಂದು ಎಕರೆಗೆ ಒಂದು ಅಡಿ ದಪ್ಪ ಎಂದರೆ 7758 ಬ್ಯಾರೆಲ್ ಜಾಗ. ಬ್ಯಾರೆಲ್ಲಿಗೆ 159 ಲೀಟರ್. ಒಟ್ಟು 2 ಕೋಟಿ 32 ಲಕ್ಷ ಬ್ಯಾರೆಲ್. ಹಿಗ್ಗಬೇಡಿ, ಅದು ಕಲ್ಲಿನ ಅಳತೆ. ಅದರಲ್ಲಿ ಸಂದಿ ನೂರಕ್ಕೆ 20 ಇದ್ದರೆ ಸುಮಾರು 46 ಲಕ್ಷ. ಆ ಸಂದಿಯಲ್ಲೂ ಹಳೆಯ ನೀರು ಕಾಳಿಗೆ ಅಂಟಿಕೊಂಡು ಕೂತಿರುತ್ತದೆ, ನೂರಕ್ಕೆ 30 ಎನ್ನಿ. ಉಳಿದದ್ದು 32 ಲಕ್ಷ. ಆ ಎಣ್ಣೆ ಮೇಲೆ ಬರುವಾಗ ಕರಗಿದ್ದ ಅನಿಲ ಬಿಟ್ಟು ಕುಗ್ಗುತ್ತದೆ. ಕೆಳಗಿನ 1.3 ಬ್ಯಾರೆಲ್ ಮೇಲೆ ಒಂದೇ ಬ್ಯಾರೆಲ್ ಆಗುತ್ತದೆ ಎಂದುಕೊಂಡು 1.3ರಿಂದ ಭಾಗಿಸಿದರೆ 25 ಲಕ್ಷ ಬ್ಯಾರೆಲ್.

ಇದು ನಿಮಗೆ ಹೊಸದೇನಲ್ಲ, ಔಟ್‌ಟರ್ನ್ ಲೆಕ್ಕವೇ, ಅಂದರೆ ಒಂದು ಚೀಲ ಚೆರಿಗೆ, ಒಣಗಿದ ಕಾಫಿ ಹಣ್ಣಿಗೆ, ಎಷ್ಟು ಕಿಲೋ ಬೇಳೆ ಎಂಬುದು. ನಾನು ಹೈಸ್ಕೂಲಿನಲ್ಲಿದ್ದಾಗ ಒಬ್ಬ ವ್ಯಾಪಾರಿ ನಮ್ಮ ರೊಬಸ್ಟಾ ಚೆರಿ ಕೊಳ್ಳಲು ಬಂದರು. ಇನ್ನೂರು ಚೀಲ, ಐವತ್ತು ಕಿಲೋದವು. ಬಾಗಿಲ ಪಕ್ಕದ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ಚೀಲಕ್ಕೆ 26 ಕಿಲೋ ಬೇಳೆ ಎಂದರು. ಒಳ್ಳೆಯ ಔಟ್‌ಟರ್ನ್. ಅಮ್ಮ ಕಾಫಿ ತರಲು ಒಳಗೆ ಹೋದರು. ಅಪ್ಪ ಮಾತ್ರ ಒಪ್ಪಲಿಲ್ಲ. "ಅದು ಮನೆ ಹತ್ತಿರದ ಇಳಿಜಾರಿನ ಬರೆಯ ಕಾಫಿ. ತೋಡಿನ ಪಕ್ಕದ್ದನ್ನೂ ನೋಡಿ" ಎಂದು ಗೋಡೆಯ ಕಡೆಯ ಚೀಲ ಎಳೆಸಿದರು. ಬುಡಕ್ಕೆ ಕೈ ತೂರಿಸಿ ತಾವೇ ತೆಗೆದುಕೊಟ್ಟರು. ಅರ್ಧ ಜೊಳ್ಳು, ಅಂಗೈಯಲ್ಲಿ ತೂಕವೇ ಇಲ್ಲ. 23 ಕಿಲೋ. ಮಾರುವವರೇ ಹೀಗೆ ತೋರಿಸಿದ್ದು ಕಂಡು ವ್ಯಾಪಾರಿ ಸುಮ್ಮನೆ ನಿಂತುಬಿಟ್ಟರು. ಚೀಲಕ್ಕೆ ಮೂರು ಕಿಲೋ ವ್ಯತ್ಯಾಸ. ಎಲ್ಲ ಚೀಲವೂ ಹಾಗಿದ್ದರೆ ಇನ್ನೂರು ಚೀಲಕ್ಕೆ 600 ಕಿಲೋ. ಆ ದಿನ ಸಂಜೆಯವರೆಗೆ ಹತ್ತು ಚೀಲ ಬಿಚ್ಚಿ, ಬರೆಯದು ಬೇರೆ, ತೋಡಿನದು ಬೇರೆ ಎಂದು ಎರಡು ರೇಟು ಮಾಡಿದರು.

ತೈಲದ ಬಾವಿಯೂ ಬಾಗಿಲ ಪಕ್ಕದ ಆ ಒಂದು ಚೀಲ. ನೂರು ಎಕರೆಗೆ ಎಂಟೂವರೆ ಇಂಚಿನ ಒಂದು ತೂತು! ಅಲ್ಲಿ ಸಂದಿ ನೂರಕ್ಕೆ 20 ಕಂಡಿತೆಂದು ಎಲ್ಲ ಕಡೆಗೂ ಅದನ್ನೇ ಹಾಕುತ್ತಾರೆ. ನಿಜವಾಗಿ ಸರಾಸರಿ 15 ಇದ್ದರೆ 25 ಲಕ್ಷ ಹೋಗಿ 19 ಲಕ್ಷ ಕೂಡ ಆಗದು. ಎಲ್ಲವೂ ಗುಣಾಕಾರ, ಒಂದು ತಪ್ಪಿದರೆ ಉತ್ತರವೇ ತಪ್ಪು. ಪತ್ರಿಕೆಯವರು ಕಲ್ಲಿನ ವಿಸ್ತಾರ ಮಾತ್ರ ಬರೆದು "ಭಾರೀ ನಿಕ್ಷೇಪ" ಎಂದಾಗ ನನಗೆ ತಡೆಯಲಾಗುವುದಿಲ್ಲ. ಸಂದಿ ಎಷ್ಟು, ನೀರು ಎಷ್ಟು, ಕೇಳಿ!

ಸಮಯ ಕಡಿಮೆ ಇದೆ. ಅನಿಲಕ್ಕೂ ಇದೇ ಲೆಕ್ಕ, ಕೊನೆಯ ಹೆಜ್ಜೆ ಮಾತ್ರ ತಿರುಗುಮುರುಗು: ಎರಡು ಕಿಲೋಮೀಟರ್ ಆಳದಲ್ಲಿ ಒಂದು ಲೀಟರ್ ಇದ್ದದ್ದು ಮೇಲೆ ಬಂದು ಸುಮಾರು 200 ಲೀಟರ್ ಆಗುತ್ತದೆ. ಎಣ್ಣೆ ತೆಗೆಯುತ್ತಾ ಹೋದಂತೆ ಒತ್ತಡ ಎಷ್ಟು ಇಳಿಯಿತೆಂದು ಅಳೆದು ಮೊದಲ ಅಂದಾಜನ್ನು ತಿದ್ದುತ್ತಾರೆ. ಹೂಮಳೆಯ ನಂತರ ಒಮ್ಮೆ, ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಕಾಫಿ ಮಂಡಳಿ ಫಸಲು ಅಂದಾಜು ಮಾಡುವ ಹಾಗೆ. ಇನ್ನು ಆ 25 ಲಕ್ಷದಲ್ಲಿ ಕೈಗೆ ಬರುವುದು ಸಾಮಾನ್ಯವಾಗಿ ಮೂರನೇ ಒಂದು ಭಾಗ. ಉಳಿದದ್ದು ಕಲ್ಲನ್ನೇ ಕಚ್ಚಿಕೊಂಡಿರುತ್ತದೆ.

ಮಕ್ಕಳು ಕೇಳುತ್ತಿದ್ದರೆ ಒಂದು ಕೆಲಸ. ಒಂದು ಸೇರು ಒಣ ಹೊಳೆಮರಳು ತುಂಬಿ, ಲೋಟದಿಂದ ಅಳೆದು ನಿಧಾನವಾಗಿ ನೀರು ಹಾಕಿ. ಮೂರನೇ ಒಂದು ಭಾಗ ದಾಟಿದರೂ ಸೇರು ತುಳುಕಿರುವುದಿಲ್ಲ. ಆಮೇಲೆ ಬಟ್ಟೆ ಕಟ್ಟಿ ಬೋರಲು ಹಾಕಿ, ಎಷ್ಟು ನೀರು ವಾಪಸ್ ಬಂತು ಎಂದು ಅದೇ ಲೋಟದಲ್ಲಿ ಅಳೆಯಿರಿ. ನಮಸ್ಕಾರ.