ಮಿಸ್, ಅದು ಎಂಥಾ ಡೈರಿ?

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸ್ತಿದ್ಯಾ? ಸರಿ. ನಿಮ್ಮಲ್ಲಿ ಸುಮಾರು ಜನ ಮುಂದಿನ ವಾರ ಪ್ರಾಕ್ಟೀಸ್ ಟೀಚಿಂಗಿಗೆ ಹೊರಟಿದ್ದೀರಿ, ಪಾಠಯೋಜನೆ ಫೈಲು ರೆಡಿ, ಚಾರ್ಟು ರೆಡಿ. ಹಾಗಾಗಿ ಇವತ್ತು ಫೈಲಿನ ವಿಷ್ಯ ಬಿಟ್ಟು ಬೇರೆ ಮಾತಾಡೋಣ.

ನನ್ನ ಹತ್ರ ಟ್ರೈನಿಂಗಲ್ಲಿದ್ದ ಒಬ್ಬ ಹುಡುಗಿ ಫ್ರಾನ್ಸಿನ ಕ್ರಾಂತಿ ಪಾಠ ಮಾಡ್ತಿದ್ಲು. 1789ರ ಜುಲೈ 14, ಪ್ಯಾರಿಸ್ಸಿನ ಬಾಸ್ಟೀಲ್ ಕೋಟೆ ಜೈಲು ಜನರ ಕೈಗೆ ಬಿದ್ದ ದಿನ, ಅವತ್ತು ಫ್ರಾನ್ಸಿನ ರಾಜ 16ನೇ ಲೂಯಿ ತನ್ನ ಡೈರಿಲಿ ಬರೆದಿದ್ದು 'ಏನೂ ಇಲ್ಲ' ಅಂತ ಅಷ್ಟೇ. ಅದನ್ನ ಬೋರ್ಡ್ ಮೇಲೆ ಬರೆದು ಇವನು ಎಂಥಾ ರಾಜ ಹೇಳಿ ಅಂದ್ಲು. ಜನರ ಚಿಂತೆ ಇಲ್ದೋನು ಅಂತ ಇಡೀ ಕ್ಲಾಸು ಕೂಗ್ತು, ಇವಳು ವೆರಿ ಗುಡ್ ಅಂತ ಹೇಳಿ ಬೋರ್ಡ್ ಒರೆಸೋಕೆ ಡಸ್ಟರ್ ತಗೊಂಡ್ಲು, ಅಷ್ಟರಲ್ಲಿ ಕೊನೇ ಬೆಂಚಿನ ಹುಡುಗ ಒಬ್ಬ 'ಮಿಸ್, ಅದು ಎಂಥಾ ಡೈರಿ?' ಅಂದ.

ಗೊತ್ತಿರ್ಲಿಲ್ಲ ಅವಳಿಗೆ. ಮುಖ ಕೆಂಪಾಯ್ತು, ಆದ್ರೂ ಗೊತ್ತಿಲ್ಲಪ್ಪ, ನಾಳೆ ಹೇಳ್ತೀನಿ ಅಂದ್ಲು ನೋಡಿ, ಅಲ್ಲೇ ಅವಳು ಟೀಚರ್ ಆದ್ಲು ಅಂತ ನಾನು ಇವತ್ತಿಗೂ ಹೇಳ್ತೀನಿ. ಸಂಜೆ ಲೈಬ್ರರಿಲಿ ಕೂತು ಹುಡುಕಿದ್ಲು. ಅದು ಮುಖ್ಯವಾಗಿ ಬೇಟೆ ಲೆಕ್ಕದ ಡೈರಿ, ಅವತ್ತು ಬೇಟೆ ಆಗಿಲ್ಲ, ಅದಕ್ಕೇ 'ಏನೂ ಇಲ್ಲ'. ಮಾರನೇ ದಿನ ಅದನ್ನ ಹೇಳಿದಾಗ ಆ ಕ್ಲಾಸಲ್ಲಿ ಎದ್ದ ಗಲಾಟೆ ನೀವು ಕೇಳ್ಬೇಕಿತ್ತು, ನಿನ್ನೆ ರಾಜನನ್ನ ಬೈದಿದ್ದ ಮಕ್ಕಳೇ ಇವತ್ತು ಅವನ ಪರ ಲಾಯರ್‌ಗಳಾಗಿದ್ರು!

ಮಕ್ಕಳು ಇತಿಹಾಸ ಹೇಗೆ ಕಲೀತಾರೆ ಅಂತ ಸಂಶೋಧನೆ ಮಾಡಿದ ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಇದನ್ನೇ ತೋರಿಸಿದ್ದು. ಇತಿಹಾಸಕಾರರು ದಾಖಲೆ ಕೈಗೆ ಬಂದ ತಕ್ಷಣ ಯಾರು ಬರೆದಿದ್ದು, ಯಾವಾಗ ಅಂತ ನೋಡ್ತಾರೆ, ಹೈಸ್ಕೂಲ್ ಮಕ್ಕಳು ಮೊದಲನೇ ಸಾಲಿಂದ ಓದ್ಕೊಂಡು ಹೋಗ್ತಾರೆ. ನಮ್ಮ ಟ್ರೈನಿಗಳೂ ಹಾಗೇ ಓದ್ತಾರೆ, ಯಾಕಂದ್ರೆ ನಾವು ಅವರ ಕೈಗೆ ದಾಖಲೆ ಕೊಡೋದೇ ಇಲ್ಲ. ಇತಿಹಾಸ ಒಂದು ವಿಭಾಗದಲ್ಲಿ, ಬೋಧನಾ ವಿಧಾನ ಇನ್ನೊಂದು ಕಟ್ಟಡದಲ್ಲಿ, ಎರಡನ್ನೂ ಸೇರಿಸೋ ಕೆಲಸ ಮಾತ್ರ ಇಪ್ಪತ್ತೆರಡು ವರ್ಷದ ಹುಡುಗನ ತಲೆ ಮೇಲೆ. ವಿಷಯ ಗೊತ್ತಿರೋದೇ ಬೇರೆ, ಅದನ್ನ ಇನ್ನೊಬ್ಬರಿಗೆ ಅರ್ಥ ಆಗೋ ಹಾಗೆ ಬಿಡಿಸಿಡೋ ತಿಳುವಳಿಕೆನೇ ಬೇರೆ ಅಂತ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲೇ ಹೇಳಿದ್ರು, ಆದ್ರೂ ನಮ್ಮ ಟೈಮ್‌ಟೇಬಲ್ ಬದಲಾಗಿಲ್ಲ. ಇದು ನನಗೆ ನಿಜವಾಗ್ಲೂ ಸಂಕಟ.

ಇನ್ನೊಂದು. ಪ್ರಶ್ನೆ ಕೇಳಿದ ಮೇಲೆ ಎಷ್ಟೊತ್ತು ಕಾಯ್ತೀರಿ? ಮೇರಿ ಬಡ್ ರೋ ಅನ್ನೋ ಶಿಕ್ಷಣ ಸಂಶೋಧಕಿ ವಿಜ್ಞಾನದ ಕ್ಲಾಸುಗಳಲ್ಲಿ ಅಳೆದು ನೋಡಿದ್ರು, ಟೀಚರ್‌ಗಳು ಕಾಯೋದು ಹೆಚ್ಚುಕಮ್ಮಿ 1 ಸೆಕೆಂಡು. ಅದನ್ನ 3 ಸೆಕೆಂಡಿಗೆ ಏರಿಸಿದ್ರೆ ಉತ್ತರ ಉದ್ದ ಆಗುತ್ತೆ, ಸುಮ್ನಿರೋ ಮಕ್ಕಳೂ ಮಾತಾಡ್ತಾರೆ. ಆ ಕೊನೇ ಬೆಂಚಿನ ಹುಡುಗ ಬಾಯಿ ಬಿಡೋದು ಆ ಮೂರನೇ ಸೆಕೆಂಡಲ್ಲೇ.

ಟೈಮ್ ಆಯ್ತು ಅಂತ ಚೀಟಿ ಬಂತು. ಭೂಗೋಳ, ಪೌರನೀತಿ ಎರಡೂ ಉಳಿದ್ವು, ನಕ್ಷೆ ಬಗ್ಗೆ ಒಂದೇ ಮಾತು. ಮರ್ಕೇಟರ್ ಅನ್ನೋರು ಮಾಡಿದ ಪ್ರಪಂಚದ ನಕ್ಷೆಲಿ ಗ್ರೀನ್‌ಲ್ಯಾಂಡು ಆಫ್ರಿಕಾದಷ್ಟೇ ಕಾಣುತ್ತೆ, ಆದ್ರೆ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. 1569ರಲ್ಲಿ ಅದನ್ನ ಮಾಡಿದ್ದು ನಾವಿಕರಿಗೋಸ್ಕರ, ದಿಕ್ಕು ತಪ್ಪಬಾರದು ಅಂತ. ಅಲ್ಲೂ ಅದೇ, ಎಂಥಾ ಡೈರಿ, ಎಂಥಾ ನಕ್ಷೆ.

ಹಿಂದಿನ ಸಾಲಲ್ಲಿ ಯಾರೋ ಕೈ ಎತ್ತಿದ್ರಲ್ಲ, ಹೇಳಿ.